ಕಲೆಯ ಮೇಲಿನ ಅಲೆ

ಅಪ್ಪಾ,

ನೀನು ಬಿಟ್ಟುಹೋದ, ಸೂರ್ಯನನ್ನು ನೋಡುವ ದುರ್ಬೀನನ್ನು ಈ ವಾರವೆಲ್ಲ ಇಬ್ರಾಹಿಂಪುರದ ನಮ್ಮ ಮಾಳಿಗೆಯ ಮೇಲೆ ಇಟ್ಟುಕೊಂಡಿದ್ದೇನೆ. ಸೂರ್ಯನ ಮೇಲೆ ದೊಡ್ಡ ಕಲೆಯೊಂದು ಮೂಡಿದೆ. ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಇವತ್ತು ಮುಂಜಾನೆ ಗಾಳಿ ಇರಲಿಲ್ಲ. ಕಲೆಯ ಸುತ್ತ ಕೂದಲೆಳೆಯಂಥ ಕೆಂಪು ನಾರುಗಳು ಬಿಡಿಬಿಡಿಯಾಗಿ ಕಂಡವು. ಅದರ ಕಪ್ಪು ನಡುವಿನಲ್ಲಿ ಮೂರು ನಿಮಿಷಕ್ಕೊಮ್ಮೆ ಸಣ್ಣ ಬೆಳಕೊಂದು ಮಿನುಗಿ, ಅಲೆಯಾಗಿ ಅಂಚಿನ ಕಡೆಗೆ ಹರಡುತ್ತಿತ್ತು. ನೀನು ವರ್ಷಗಟ್ಟಲೆ ಕಾದದ್ದು ಇದಕ್ಕೇ. ಒಂದು ಕಣ್ಣು ದಣಿದರೆ ಇನ್ನೊಂದನ್ನಿಟ್ಟು ನೋಡಿದೆ.

ತಲೆ ಎತ್ತಿದಾಗ ಎದುರಿನ ಸುಣ್ಣದ ಗೋಡೆಯ ಮೇಲೂ ಕಪ್ಪು ಕಲೆಯೊಂದಿತ್ತು. ಅದು ಮಿನುಗಲಿಲ್ಲ. ಕಣ್ಣಿಗೆ ತಣ್ಣೀರು ಹಾಕಿಕೊಂಡೆ, ಮುಚ್ಚಿ ಕುಳಿತೆ. ಮಧ್ಯಾಹ್ನವಾದರೂ ಅದು ಹೋಗಲಿಲ್ಲ.

ಅವ್ವ ಊಟಕ್ಕೆ ಕರೆಯಲು ಮೇಲೆ ಬಂದಳು. ಸೆರಗು ಕಂಡಿತು, ಬಳೆ ಕಂಡವು. ಮುಖ ಇರಬೇಕಾದಲ್ಲಿ ಕಲೆ ಇತ್ತು. ಅವಳನ್ನು ಕಾಣಲೆಂದು ತಲೆ ಓರೆ ಮಾಡಿದೆ.

“ಹಂಗ್ಯಾಕ ಓರಿ ಮಾಡಿ ನೋಡಾಕತ್ತಿ, ಆಮ್ರಪಾಲಿ? ಕಡೀಕ ಕಡೀಕ ನಿಮ್ಮಪ್ಪನೂ ಹಿಂಗ ನೋಡತಿದ್ದ,” ಅಂದಳು.

“ಏನಿಲ್ಲ ಬೇ, ಬಿಸಲು,” ಅಂದೆ.

ಅಪ್ಪಾ, ರಜೆಗೆ ಬಂದು ನಾನು ನಿನ್ನೆದುರು ಕೂತು ಉಣ್ಣುತ್ತಿದ್ದಾಗ, ನನ್ನ ಮುಖ ನಿನಗೆ ಕಾಣುತ್ತಿತ್ತೇನು?