ವೇಗಕ್ಕೆಂದು ತಂದ ಡಿಸ್ಕ್

ಮಾರ್ಚ್ ೧೧, ಮಂಗಳವಾರ

ಅಕ್ಕನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಸ್ಟುಡಿಯೋದ ವಿಡಿಯೋಗಳೆಲ್ಲ ಇರುವ ಸ್ಟೋರೇಜ್ ಪೆಟ್ಟಿಗೆ ನಿಧಾನ ಅಂತ ಅವಳು ಪದೇ ಪದೇ ಬೇಕಾಗುವ ಫೈಲುಗಳನ್ನು ಬೇಗ ಕೊಡುವ ಕ್ಯಾಶ್‌ಗೆಂದು ಒಂದು ಎಸ್‌ಎಸ್‌ಡಿ ಡಿಸ್ಕ್ ತಂದ ದಿನವೇ ಬೇಡ ಅಂದಿದ್ದೆ. ಮತ್ತೆ ಮತ್ತೆ ತೆರೆಯುವ ಸಣ್ಣ ಫೈಲುಗಳಿಗಾದರೆ ಅದು ಸರಿ. ನಮ್ಮವು ಗಂಟೆಗಟ್ಟಲೆ ಓಡುವ ವಿಡಿಯೋಗಳು, ತಡವಾಗುತ್ತಿದ್ದದ್ದು ನೆಟ್‌ವರ್ಕ್ ಕೇಬಲ್‌ನಲ್ಲಿ. ಹೊಸ ಫೈಲುಗಳನ್ನು ಮೊದಲು ಉಳಿಸುವುದಕ್ಕೂ ಅದನ್ನೇ ನಂಬಿದರೆ, ಅದು ಕೆಟ್ಟ ದಿನ ಎಲ್ಲವನ್ನೂ ಕೆಡಿಸುತ್ತದೆ ಅಂತಲೂ ಹೇಳಿದ್ದೆ.

"ನೀನು ಎಲ್ಲದಕ್ಕೂ ಕೊಕ್ಕೆ ಹಾಕ್ತೀಯ" ಅಂದಳು. ಹಾಕಿಸಿಯೇಬಿಟ್ಟಳು. ವೇಗ ಒಂದಿಷ್ಟೂ ಹೆಚ್ಚಲಿಲ್ಲ.

ಇವತ್ತು ಬೆಳಿಗ್ಗೆ ಅದು ಕೆಟ್ಟಿತು. ಇಡೀ ಸ್ಟೋರೇಜ್ ತೆರೆಯದಂತಾಯಿತು. ಅದರಲ್ಲಿ ದೋಣಿ ಕಟ್ಟುವ ಮುದುಕರೊಬ್ಬರ ಸಂದರ್ಶನವಿತ್ತು. ಕ್ಯಾಮೆರಾದ ಕಾರ್ಡುಗಳನ್ನು ಆಗಲೇ ಅಳಿಸಿ ಬೇರೆ ಕೆಲಸಕ್ಕೆ ಬಳಸಿದ್ದೆವು. ಇನ್ನೊಂದು ಪ್ರತಿ ಇಡೋಣ ಅಂದಾಗಲೆಲ್ಲ ಅಕ್ಕ "ಆಮೇಲೆ ನೋಡೋಣ" ಅನ್ನುತ್ತಿದ್ದಳು. ಆ ಮುದುಕರು ಹೋದ ವಾರ ತೀರಿಕೊಂಡರು.

ಅವರ ಮಗಳಿಗೆ ಫೋನ್ ಮಾಡಿ ಅಕ್ಕ "ಏನೋ ಟೆಕ್ನಿಕಲ್ ತೊಂದರೆ ಆಯ್ತಮ್ಮ" ಅಂದಳು.

"ವಿಡಿಯೋ ಹೋದ್ರೆ ಹೋಗ್ಲಿ, ಅಪ್ಪನ ಧ್ವನಿ ಆದ್ರೂ ಉಳಿದಿದೆಯಾ?"

ಅಕ್ಕ ಫೋನನ್ನು ನನ್ನ ಕೈಗೆ ತುರುಕಿ ಆಚೆ ಹೋದಳು. ಇಲ್ಲ ಅಂದವಳು ನಾನು. ಆಕೆ ಬಯ್ಯಲಿಲ್ಲ, ಅಳಲೂ ಇಲ್ಲ, "ಸರಿ" ಅಂದರು. ಬಯ್ದಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಊಟಕ್ಕೆ ಕೂತಾಗ ಅಕ್ಕ ಮೆಲ್ಲಗೆ ಕೇಳಿದಳು: "ಸ್ವಲ್ಪ ದೊಡ್ಡ ಎಸ್‌ಎಸ್‌ಡಿ ತರಬೇಕಿತ್ತೇನೋ, ಅಲ್ವಾ?"

ತಟ್ಟೆ ಎತ್ತಿಕೊಂಡು ಎದ್ದುಬಂದೆ. ನಾಳೆಯೂ ಅವಳ ಪಕ್ಕದ ಕುರ್ಚಿಯಲ್ಲೇ ಕೂತು ಕೆಲಸ ಮಾಡಬೇಕು.