ಹ್ಯಾಂಡಲ್ ಬೇಡದ ಕಾರು

ದಾವಣಗೆರೆ, ೧೯೫೮

ಬುಡನಾ,

ಇದನ್ನ ಅಂಚೆಗೆ ಹಾಕೋದಿಲ್ಲ. ಅವತ್ತು ನಮ್ಮಿಬ್ಬರಲ್ಲಿ ಮಾತಿಗೆ ಮಾತು ಬೆಳೆದ ಮೇಲೆ ಹರಿಹರ ಬಿಟ್ಟು ನೀನು ಎಲ್ಲಿಗೆ ಹೋದೆ ಅಂತ ಯಾರೂ ಹೇಳಲಿಲ್ಲ.

ನೀನೇ ಹುಡುಕಿ ಕೊಡಿಸಿದ ಹಳೇ ಕಾರಿಗೆ ಇವತ್ತು ಹಿತ್ತಲಲ್ಲೇ ಹೊಸ ಬ್ಯಾಟರಿ, ಸೆಲ್ಫ್ ಸ್ಟಾರ್ಟರ್ ಕೂಡಿಸಿದೆ. ಇನ್ನು ಕಾರಿನ ಮುಂದೆ ನಿಂತು ಹ್ಯಾಂಡಲ್ ತಿರುವೋರು ಬೇಕಿಲ್ಲ. "ಸೆಲ್ಫ್ ಬಂದ್ರೆ ನನ್ನ ಯಾರು ಕರೀತಾರೋ?" ಅಂತ ನಗ್ತಿದ್ದೆಯಲ್ಲ, ಅದೇ ಸೆಲ್ಫ್.

ಸೀಟಲ್ಲಿ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹ್ಞೂಂ, ತಿರುವು ಬುಡನಾ!" ಅಂತ ಕೂಗಿಬಿಟ್ಟೆ. ಬಟ್ಟೆ ಒಣಹಾಕ್ತಿದ್ದ ನನ್ನ ಹೆಂಡ್ತಿ ಮೈಲಮ್ಮ ನಗಲಿಲ್ಲ.

ಆಮೇಲೆ ಗುಂಡಿ ಒತ್ತಿದೆ. ಒಂದೇ ಸಲಕ್ಕೆ ಚಾಲೂ ಆಯ್ತು. ಆವರಗೆರೆ ತನಕ ಹೋಗಿ ಬಂದೆ.

"ಹ್ಯಾಂಡಲ್ ಗುಜರಿಗೆ ಹಾಕ್ಲೇನ್ರಿ?" ಅಂದ್ಲು.

"ಬ್ಯಾಡ. ಬ್ಯಾಟರಿ ಯಾವಾಗಾದ್ರೂ ಕೈಕೊಟ್ರೆ ಬೇಕಾಗ್ತೈತೆ" ಅಂದೆ.

ಬ್ಯಾಟರಿ ಹೊಸದು ಅಂತ ಅವಳಿಗೂ ಗೊತ್ತೈತೆ.