ಕತ್ತರಿಯಾಚೆ ಉಳಿದ ಸಾಲು

ಮಾರ್ಚ್ ೧೨, ಮಂಗಳವಾರ

ಪಾಲಕ್, ಬಾಳೆಹಣ್ಣು, ಟೊಮೆಟೊ ರಸ. ಮೂತ್ರಪಿಂಡ ಸೋತ ಅಕ್ಕನಿಗೆ ಬಲ ಬರಲೆಂದು ಇವನ್ನೆಲ್ಲ ತಿಂಗಳಿಡೀ ತಿನ್ನಿಸಿದವನು ನಾನೇ. ಅವುಗಳ ಪೊಟ್ಯಾಸಿಯಂ ಮೈಯಲ್ಲೇ ಉಳಿದು ಹೃದಯದ ಬಡಿತ ಹದಗೆಟ್ಟಿದೆ, ಈ ವಾರ ದಾಟಿದರೆ ನೋಡೋಣ ಎಂದರು ವೈದ್ಯೆ.

"ನಾನೇನು ಮೇಕೆನೇನೋ, ಮೂರು ಹೊತ್ತೂ ಸೊಪ್ಪು ಮೇಯೋಕೆ?" ಎಂದು ಅವಳು ನಕ್ಕಾಗಲೆಲ್ಲ, ಪತ್ರಿಕೆಯಿಂದ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ್ದ ಪೌಷ್ಟಿಕ ಆಹಾರದ ಪಟ್ಟಿ ತೋರಿಸುತ್ತಿದ್ದೆ. "ಆಯ್ತಪ್ಪ, ಓದಿದೋನು ನೀನು," ಎಂದು ತಿನ್ನುತ್ತಿದ್ದಳು.

ಅವಳನ್ನು ಆಸ್ಪತ್ರೆಯಲ್ಲಿ ಬಿಟ್ಟು ಮನೆಗೆ ಬಂದವನಿಗೆ ಸಿಟ್ಟು ಕುದಿಯಿತು. ಒಂದೇ ಪಟ್ಟಿಯನ್ನು ಊರಿಗೆಲ್ಲ ಹಂಚುವ ಪತ್ರಿಕೆ! ಮೂವತ್ತು ವರ್ಷಗಳಿಂದ ಅವರ ತಪ್ಪುಗಳನ್ನು ಪತ್ರ ಬರೆದು ತಿದ್ದಿದ್ದೇನೆ. ಈ ಬಾರಿಯೂ ಬಿಡಬಾರದೆಂದು, ತಾರೀಖಿಗಾಗಿ ಹಳೆಯ ಸಂಚಿಕೆ ಹುಡುಕಿ ತೆಗೆದೆ. ನಾನು ಕತ್ತರಿಸಿದ್ದ ಕಿಂಡಿಯ ಕೆಳಗೆ ಸಣ್ಣಕ್ಷರದ ಒಂದು ಸಾಲು ಉಳಿದಿತ್ತು: ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಇವನ್ನು ತಿನ್ನಬಾರದು.

ನಾಳೆ ಅವಳಿಗೆ ಹೇಳಲೇಬೇಕು. "ಹೋಗ್ಲಿ ಬಿಡೋ, ಬೇಕು ಅಂತ ಮಾಡಿದ್ಯಾ?" ಎಂದು ಅವಳೇ ನನ್ನ ತಲೆ ಸವರುತ್ತಾಳೆ. ಬೈದರೆ ತಡೆದುಕೊಂಡೇನು. ಆ ಕೈಯನ್ನು ಹೇಗೆ...